ನಡುದಾರಿಯಲ್ಲಿ ನಿಂತ ಗಾಡಿ

ಕಾಫಿ ಗಿಡವೊಂದು ಸೊರಗಿದರೆ ನಮ್ಮಲ್ಲಿ ಯಾರೂ ಕಣ್ಣುಮುಚ್ಚಿ ಔಷಧಿ ಹೊಡೆಯಲು ಹೊರಡುವುದಿಲ್ಲ. ಕಾಂಡದ ಮೇಲೆ ಉಬ್ಬು ಇದೆಯೇ, ತೂತು ಇದೆಯೇ ಎಂದು ನೋಡುತ್ತೇವೆ. ಬುಡ ಬಿಡಿಸಿ ಬೇರು ನೋಡುತ್ತೇವೆ. ಪಕ್ಕದ ಗಿಡವೂ ಹಾಗೇ ಇದೆಯೇ ಎಂದು ತಿರುಗಾಡಿ ಬರುತ್ತೇವೆ. ಆದರೆ ಅದೇ ಬೆಳೆಗಾರರ ಗಾಡಿ ನಡುದಾರಿಯಲ್ಲಿ ನಿಂತಿತೆನ್ನಿ, ಈ ತಾಳ್ಮೆಯೆಲ್ಲ ಎಲ್ಲಿ ಹೋಗುತ್ತದೆಯೋ ತಿಳಿಯದು. ಕೀಲಿ ತಿರುಗಿಸಿದ್ದೇ ತಿರುಗಿಸಿದ್ದು. ಹೀಗೆ ಮಾಡುವವರಲ್ಲಿ ನಾವೂ ಒಬ್ಬರಾಗಿದ್ದೆವು. ಅದರಿಂದ ಆದ ನಷ್ಟ ಏನೆಂಬುದನ್ನು ಮುಚ್ಚಿಡದೆ ಬರೆಯಬೇಕೆಂದು ಈ ಲೇಖನ.

2017ರ ಡಿಸೆಂಬರ್. ಅರೇಬಿಕಾ ಕುಯಿಲು ನಡೆದಿತ್ತು. ಸಂಜೆ ಆರೂವರೆಯ ಹೊತ್ತಿಗೆ ಚೀಲ ಹೊತ್ತು ಕಣದ ಕಡೆಗೆ ಬರುತ್ತಿದ್ದ ನಮ್ಮ ಲೈನ್ ಮನೆಯ ಆಳಿನ ಕಾಲಿಗೆ ಕೊಳಕುಮಂಡಲ ಕಚ್ಚಿತು. ಹತ್ತು ನಿಮಿಷದಲ್ಲಿ ಪಾದ ಬಾತುಕೊಂಡಿತು. ಫೋನಿಗೆ ಸಿಗ್ನಲ್ ಇರಲಿಲ್ಲ. ಸಿಗ್ನಲ್ ಸಿಗುವ ಗುಡ್ಡಕ್ಕೆ ಹತ್ತಿ 108ಕ್ಕೆ ತಿಳಿಸಿ ಕಾಯುವುದಕ್ಕಿಂತ ನಾವೇ ಹೊರಡುವುದು ಮೇಲೆಂದು ತೋರಿತು. ಕಾಲಿಗೆ ಹಗ್ಗ ಬಿಗಿಯಲು ಬಂದವರನ್ನು ತಡೆದು, ಕಾಲು ಅಲುಗದಂತೆ ಹಲಗೆ ಕಟ್ಟಿ, ಅವನನ್ನೂ ಅವನ ಹೆಂಡತಿಯನ್ನೂ ನಮ್ಮ ಹಳೆಯ ಓಮ್ನಿಯಲ್ಲಿ ಕೂರಿಸಿಕೊಂಡು ಹೊರಟೆವು. ಮೂಡಿಗೆರೆಗೆ ಇಪ್ಪತ್ತೆರಡು ಕಿ.ಮೀ. ಹದಿನಾಲ್ಕನೆಯ ಕಿ.ಮೀ.ನಲ್ಲಿ, ಏರಿನ ಮಧ್ಯದಲ್ಲಿ, ಗಾಡಿ ಎರಡು ಸಲ ಮುಗ್ಗರಿಸಿ ನಿಂತಿತು.

ಸೆಲ್ಫ್ ಹೊಡೆದೆವು. ಇಂಜಿನ್ ಚೆನ್ನಾಗಿಯೇ ತಿರುಗಿತು, ಹಿಡಿಯಲಿಲ್ಲ. ಮತ್ತೆ ಹೊಡೆದೆವು. ಚೋಕ್ ಎಳೆದು ಹೊಡೆದೆವು, ಚೋಕ್ ಬಿಟ್ಟು ಹೊಡೆದೆವು. ಹಿಂದಿನಿಂದ ಆ ಹೆಂಗಸು "ಅಯ್ಯಾ, ಗಾಡಿ ಹೊರಡಲ್ವಾ?" ಎಂದು ಕೇಳಿದಾಗಲೆಲ್ಲ ಇನ್ನೊಮ್ಮೆ ಹೊಡೆದೆವು. ಹತ್ತು ಹನ್ನೆರಡು ನಿಮಿಷದಲ್ಲಿ ಬ್ಯಾಟರಿ ಕೈಕೊಟ್ಟಿತು. ಕೀಲಿ ತಿರುಗಿಸಿದರೆ ಟಕ್ ಎಂದು ಒಂದೇ ಸದ್ದು. ಏರಿನಲ್ಲಿ ತಳ್ಳುವಂತಿಲ್ಲ, ಹಿಂದಕ್ಕೆ ಬಿಟ್ಟು ಚಾಲೂ ಮಾಡೋಣವೆಂದರೆ ಕತ್ತಲೆ, ಒಂದು ಬದಿಗೆ ಕಣಿವೆ. ಮೆಣಸಿನ ಚೀಲ ಹೇರಿದ್ದ ಪಿಕಪ್ ಒಂದು ಬಂದು ನಮ್ಮನ್ನು ಹತ್ತಿಸಿಕೊಳ್ಳುವಾಗ ನಿಂತು ಒಂದು ಗಂಟೆ ಹತ್ತು ನಿಮಿಷವಾಗಿತ್ತು. ಆಸ್ಪತ್ರೆಯಲ್ಲಿ ವಿಷಕ್ಕೆ ಚುಚ್ಚುಮದ್ದು ಕೊಟ್ಟರು. ಮನುಷ್ಯ ಉಳಿದ. ಕಾಲೂ ಉಳಿಯಿತು. ಎರಡು ಬೆರಳು ಉಳಿಯಲಿಲ್ಲ. ಒಂದು ಗಂಟೆ ಮೊದಲೇ ಬಂದಿದ್ದರೆ ಬೆರಳುಗಳೂ ಉಳಿಯುತ್ತಿದ್ದವೇ ಎಂದು ನಾವು ವೈದ್ಯರನ್ನು ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ ಎಂದರೆ ಸರಿ.

ಮರುದಿನ ಬೆಳಿಗ್ಗೆ ಬೇರೆ ಬ್ಯಾಟರಿ ಕೊಂಡೊಯ್ದು ಕೀಲಿ ತಿರುಗಿಸಿದರೆ ಓಮ್ನಿ ಒಂದೇ ಹೊಡೆತಕ್ಕೆ ಚಾಲೂ ಆಯಿತು! ಗ್ಯಾರೇಜಿನವರು ನೋಡಿ ಏನೂ ತೊಂದರೆ ಇಲ್ಲವೆಂದರು. ಆಮೇಲೆ ಎರಡು ತಿಂಗಳಲ್ಲಿ ಮೂರು ಸಲ ಹಾಗೆಯೇ ನಿಂತಿತು. ಪ್ಲಗ್ ಬದಲಾಯಿಸಿದರು, ಪೆಟ್ರೋಲ್ ಫಿಲ್ಟರ್ ಬದಲಾಯಿಸಿದರು, ಪಂಪು ಬದಲಾಯಿಸಿದರು, ಕಾರ್ಬೊರೇಟರ್ ಬಿಚ್ಚಿ ತೊಳೆದರು. ಕೊನೆಗೆ ಜೀಪುಗಳ ಕೆಲಸವನ್ನೇ ಮಾಡುತ್ತ ಮುದುಕರಾದ ಸಾಹೇಬರೊಬ್ಬರ ಬಳಿಗೆ ಹೋದೆವು. ಅವರು ಬಾನೆಟ್ ಮುಟ್ಟಲಿಲ್ಲ. ಬೀಡಿ ಹಚ್ಚಿಕೊಂಡು ಎರಡೇ ಪ್ರಶ್ನೆ ಕೇಳಿದರು.

"ಅಣ್ಣಾ, ನಿಂತಾಗೆಲ್ಲ ಟ್ಯಾಂಕಲ್ಲಿ ಎಷ್ಟಿತ್ತು?"

ಯೋಚಿಸಿ ನೋಡಿದೆವು. ಹಾವು ಕಚ್ಚಿದ ಹಿಂದಿನ ದಿನ, ಮಂಗಳೂರಿನ ಮದುವೆಗೆ ಹೋಗುವುದಿದೆಯೆಂದು, ಮನೆಗೆ ನಾಲ್ಕು ಕಿ.ಮೀ. ದೂರದ ಬಂಕಿನಲ್ಲಿ ಟ್ಯಾಂಕು ಭರ್ತಿ ಮಾಡಿಸಿದ್ದೆವು. ಮಿಕ್ಕ ಮೂರು ಸಲವೂ ಭರ್ತಿಯೇ ಇತ್ತು. ನೂರು ಇನ್ನೂರು ರೂಪಾಯಿಯ ಪೆಟ್ರೋಲ್ ಹಾಕಿಸಿಕೊಂಡು ಓಡಾಡಿದಾಗ ಒಮ್ಮೆಯೂ ನಿಂತದ್ದಿಲ್ಲ.

"ಗಾಡಿ ಸರಿ ಇದ್ದಾಗಿನಿಂದ ಈಚೆಗೆ ಹೊಸದಾಗಿ ಏನು ಹಾಕಿಸಿದ್ರಿ?"

ಏನೂ ಇಲ್ಲವೆಂದೆವು. ಆಮೇಲೆ ನೆನಪಾಯಿತು. ನವೆಂಬರ್‌ನಲ್ಲಿ ಟ್ಯಾಂಕಿನ ಮುಚ್ಚಳ ಕಳೆದುಹೋಗಿ, ಅಂಗಡಿಯಿಂದ ಬೀಗದ ಮುಚ್ಚಳವೊಂದನ್ನು ತಂದು ಹಾಕಿದ್ದೆವು. ಸಾಹೇಬರು ಎದ್ದು ಹೋಗಿ ಅದನ್ನು ತಿರುಗಿಸಿ ತೆಗೆದರು. ಉಸ್ಸ್ ಎಂದು ಟ್ಯಾಂಕು ಗಾಳಿ ಎಳೆದುಕೊಂಡಿತು.

ಸಂಗತಿ ಇಷ್ಟೇ. ಪೆಟ್ರೋಲ್ ಖರ್ಚಾದಷ್ಟೂ ಟ್ಯಾಂಕಿನೊಳಗೆ ಗಾಳಿ ಬರಬೇಕು. ಹಳೆಯ ಕಾರ್ಬೊರೇಟರ್ ಗಾಡಿಗಳ ಮುಚ್ಚಳದಲ್ಲಿ ಅದಕ್ಕೆಂದೇ ಸಣ್ಣ ದಾರಿ ಇರುತ್ತದೆ. ನಾವು ತಂದ ಮುಚ್ಚಳದಲ್ಲಿ ಅದು ಇರಲಿಲ್ಲ. ತುಂಬಿದ ಟ್ಯಾಂಕಿನಲ್ಲಿ ಮೇಲೆ ಒಂದೆರಡು ಲೀಟರಿನಷ್ಟೇ ಗಾಳಿಯ ಜಾಗ. ಅರ್ಧ ಮುಕ್ಕಾಲು ಲೀಟರ್ ಸುಟ್ಟರೆ ಸಾಕು, ಪಂಪು ಎಷ್ಟು ಹೀರಿದರೂ ಬಾರದಷ್ಟು ಬಿಗಿ ಒಳಗೆ ಹುಟ್ಟುತ್ತದೆ. ಟ್ಯಾಂಕು ಮುಕ್ಕಾಲು ಖಾಲಿ ಇದ್ದರೆ ಒಳಗೆ ಬೇಕಾದಷ್ಟು ಗಾಳಿಯಿದ್ದು ದಿನವಿಡೀ ಓಡಿದರೂ ತಿಳಿಯುವುದಿಲ್ಲ. ಗಾಡಿ ನಿಂತ ಮೇಲೆ ಸಂದುಗಳಿಂದ ಮೆಲ್ಲಗೆ ಗಾಳಿ ಇಳಿದು, ಅರ್ಧ ಗಂಟೆಯಲ್ಲಿ ತಾನಾಗಿಯೇ ಸರಿಹೋಗುತ್ತದೆ. ಅಂದರೆ ಆ ರಾತ್ರಿ ನಾವು ಸುಮ್ಮನೆ ಕುಳಿತಿದ್ದರೂ ಅರ್ಧ ಗಂಟೆಯಲ್ಲಿ ಗಾಡಿ ಹೊರಡುತ್ತಿತ್ತು. ಮುಚ್ಚಳ ತೆಗೆದಿದ್ದರೆ ಐದೇ ನಿಮಿಷ. ನಮ್ಮನ್ನು ಅಲ್ಲಿ ಕಟ್ಟಿಹಾಕಿದ್ದು ಮುಚ್ಚಳವಲ್ಲ, ನಾವೇ ಕೊಂದ ಬ್ಯಾಟರಿ.

ಮೊದಲು ಏನು ಮಾಡಬೇಕು

ಗಾಡಿ ಓಡುತ್ತಿರುವಾಗಲೇ ಇಂಜಿನ್ ನಿಂತರೆ ಬ್ರೇಕಿನ ಬೂಸ್ಟರ್ ಎರಡು ಮೂರು ಒತ್ತಿಗೆ ಮಾತ್ರ ಸಹಾಯ ಮಾಡುತ್ತದೆ. ಆಮೇಲೆ ಪೆಡಲ್ ಕಲ್ಲಿನಂತಾಗುತ್ತದೆ. ಪವರ್ ಸ್ಟಿಯರಿಂಗ್ ಇದ್ದರೆ ಅದೂ ಭಾರವಾಗುತ್ತದೆ. ಚಾರ್ಮಾಡಿಯಂಥ ಘಾಟಿಯಲ್ಲಿ ಇದು ತಿಳಿದಿರಲೇಬೇಕು. ಬ್ರೇಕನ್ನು ಪದೇ ಪದೇ ಒತ್ತದೆ ಒಂದೇ ಸಲ ಬಲವಾಗಿ ಒತ್ತಿ ಹಿಡಿದು ಬದಿಗೆ ತನ್ನಿ. ಕೀಲಿಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ತೆಗೆಯಬೇಡಿ, ಸ್ಟಿಯರಿಂಗ್ ಬೀಗ ಬೀಳುತ್ತದೆ. ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಜನರನ್ನು ದಿಣ್ಣೆಯ ಬದಿಗೆ ಇಳಿಸಿ. ಹಿಂದೆ ಇಪ್ಪತ್ತು ಮೂವತ್ತು ಹೆಜ್ಜೆ ದೂರದಲ್ಲಿ ಸೊಪ್ಪಿನ ಕೊಂಬೆಯನ್ನೋ ತ್ರಿಕೋನವನ್ನೋ ಇಡಿ.

ಆಮೇಲೆ ಎರಡು ನಿಮಿಷ ಸುಮ್ಮನಿದ್ದು, ಗಾಡಿ ಹೇಗೆ ನಿಂತಿತು ಎಂಬುದನ್ನು ನೆನಪು ಮಾಡಿಕೊಳ್ಳಿ. ರೋಗದ ಅರ್ಧ ಗುರುತು ಅಲ್ಲೇ ಇದೆ. ಸ್ವಿಚ್ ಆರಿಸಿದಂತೆ ತಟ್ಟನೆ ನಿಂತಿತೇ? ಹಾಗಾದರೆ ಬಹುಮಟ್ಟಿಗೆ ಕರೆಂಟಿನ ಕಡೆಯ ದೋಷ. ಮುಗ್ಗರಿಸುತ್ತ, ಪಿಕಪ್ ಕಳೆದುಕೊಳ್ಳುತ್ತ ನಿಂತಿತೇ? ಪೆಟ್ರೋಲ್ ಅಥವಾ ಡೀಸೆಲ್ ಸಾಲುತ್ತಿಲ್ಲ. ದೀಪ ಮಂಕಾಗುತ್ತ ಬಂದು ನಿಂತಿತೇ? ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ, ಇಷ್ಟು ದೂರ ಬಂದದ್ದು ಬ್ಯಾಟರಿಯ ಪುಣ್ಯದಿಂದ. ಶಾಖದ ಮುಳ್ಳು ಕೆಂಪಿಗೆ ಹೋಗಿತ್ತೇ? ಹಾಗಿದ್ದರೆ ಸೆಲ್ಫ್ ಮುಟ್ಟಬೇಡಿ, ರೇಡಿಯೇಟರ್ ಮುಚ್ಚಳವನ್ನೂ ಮುಟ್ಟಬೇಡಿ. ಕುದಿಯುವ ನೀರು ಮುಖಕ್ಕೆ ಎರಚುತ್ತದೆ. ಹಳ್ಳದ ನೀರಿಗೆ ನುಗ್ಗಿಸಿದಾಗ ನಿಂತಿದ್ದರೂ ಸೆಲ್ಫ್ ಹೊಡೆಯಕೂಡದು. ಸಿಲಿಂಡರಿನೊಳಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಗ್ಗಿಹೋಗುತ್ತದೆ. ಆಮೇಲೆ ಆಗುವ ಖರ್ಚಿನಲ್ಲಿ ಒಂದು ಎಕರೆಗೆ ಗೊಬ್ಬರ ಹಾಕಬಹುದು.

ಈಗ ಕೀಲಿ ತಿರುಗಿಸಿ, ಕಿವಿಗೊಟ್ಟು ಕೇಳಿ. ಒಂದು ಸಲಕ್ಕೆ ಐದು ಸೆಕೆಂಡು, ಹೆಚ್ಚೆಂದರೆ ಹತ್ತು. ನಡುವೆ ಅರ್ಧ ನಿಮಿಷವಾದರೂ ಬಿಡುವು. ಸೆಲ್ಫ್ ಮೋಟರು ನೂರು ಆಂಪಿಯರ್‌ಗೂ ಹೆಚ್ಚು ಕರೆಂಟನ್ನು ಎಳೆಯುತ್ತದೆ ಎಂಬುದು ಗಮನದಲ್ಲಿರಲಿ.

ಟಕ್ ಎಂದು ಸುಮ್ಮನಾದರೆ ಹೆಡ್‌ಲೈಟ್ ಹಾಕಿ ನೋಡಿ. ಕೀಲಿ ತಿರುಗಿಸಿದೊಡನೆ ದೀಪ ಪೂರ್ತಿ ಆರಿಹೋದರೆ ಬ್ಯಾಟರಿಯ ಟರ್ಮಿನಲ್ ಸಡಿಲವಾಗಿದೆ ಅಥವಾ ಬಿಳಿ ಹಸಿರು ಹುಡಿ ಕಟ್ಟಿದೆ. ತಿರುವಿ ಅಲುಗಾಡಿಸಿ ಬಿಗಿ ಮಾಡಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಮನೆಗೆ ಬಂದ ಮೇಲೆ ಬಿಸಿನೀರಿನಲ್ಲಿ ತೊಳೆದು, ಒರೆಸಿ, ವ್ಯಾಸಲಿನ್ ಹಚ್ಚಿ. ದೀಪ ಮೆಲ್ಲಗೆ ಮಂಕಾದರೆ ಬ್ಯಾಟರಿ ಸೋತಿದೆ. ದೀಪ ಚೂರೂ ಕದಲದೆ ಉರಿಯುತ್ತಿದ್ದರೆ ಬ್ಯಾಟರಿ ಸರಿಯಿದೆ, ಕೀಲಿಯಿಂದ ಸೆಲ್ಫಿಗೆ ಹೋಗುವ ದಾರಿಯಲ್ಲಿ ಎಲ್ಲೋ ಕಡಿದಿದೆ. ಇನ್ನು ಸೆಲ್ಫ್ ಹೊಡೆದಾಗ ಇಂಜಿನ್ ಎಂದಿಗಿಂತ ಹಗುರವಾಗಿ, ಹೊಲಿಗೆ ಯಂತ್ರದಂತೆ ಸರ್ರೆಂದು ತಿರುಗಿದರೆ ಟೈಮಿಂಗ್ ಬೆಲ್ಟ್ ತುಂಡಾಗಿರುವ ಸಂಭವ. ಅಲ್ಲಿಗೆ ನಿಲ್ಲಿಸಿ, ಇದು ರಸ್ತೆಬದಿಯ ಕೆಲಸವಲ್ಲ.

ಇಂಜಿನ್ ಎಂದಿನಂತೆ ತಿರುಗಿಯೂ ಹಿಡಿಯದಿದ್ದರೆ ಮಾತ್ರ ಬಾನೆಟ್ ಎತ್ತುವುದು.

ಪೆಟ್ರೋಲ್ ಗಾಡಿಗಳು

ಮಾರುತಿ 800 ಬಂದದ್ದು 1983ರಲ್ಲಿ. 2014ರಲ್ಲಿ ಅದರ ತಯಾರಿ ನಿಂತಿತು, ಓಮ್ನಿಯದು 2019ರಲ್ಲಿ. ಆದರೂ ನಮ್ಮ ಅಡಿಕೆ ಚಪ್ಪರಗಳ ಬದಿಯಲ್ಲಿ ಅವು ಇನ್ನೂ ಬಾಳುತ್ತಿವೆ. ಇವುಗಳಲ್ಲಿ ಹಳೆಯ ಕಾರ್ಬೊರೇಟರ್ ಮಾದರಿಗೆ ಒಂದು ಸುಲಭದ ಪರೀಕ್ಷೆ ಇದೆ. ಇಂಜಿನ್ ನಿಂತಿರುವಾಗಲೇ ಏರ್ ಕ್ಲೀನರ್ ಮುಚ್ಚಳ ತೆಗೆದು, ಆಕ್ಸಿಲರೇಟರ್ ವೈರನ್ನು ಕೈಯಿಂದ ಎಳೆದು ಕಾರ್ಬೊರೇಟರಿನ ಗಂಟಲಿಗೆ ಟಾರ್ಚ್ ಬಿಡಿ. ಪೆಟ್ರೋಲ್ ಸಣ್ಣ ಎಳೆಯಾಗಿ ಚಿಮ್ಮಿದರೆ ಅಲ್ಲಿಯವರೆಗೆ ಪೆಟ್ರೋಲ್ ಬಂದಿದೆ, ಪ್ಲಗ್ಗಿನ ಕಡೆ ನೋಡಿ. ಚಿಮ್ಮದಿದ್ದರೆ ಟ್ಯಾಂಕಿನ ಮುಚ್ಚಳ, ಫಿಲ್ಟರ್, ಪಂಪು ಇವನ್ನು ಕ್ರಮವಾಗಿ ನೋಡಿ. ಬೆಂಕಿಕಡ್ಡಿ ಗೀರಿ ಗಂಟಲು ನೋಡಿದ ಮಹಾನುಭಾವರೊಬ್ಬರನ್ನು ನಾವು ಬಲ್ಲೆವು. ಅವರ ಹುಬ್ಬು ಮತ್ತೆ ಬೆಳೆಯಲು ಮೂರು ತಿಂಗಳು ಹಿಡಿಯಿತು.

ಘಾಟಿ ಹತ್ತುವಾಗ, ಮಾರ್ಚ್ ಏಪ್ರಿಲ್ ಬಿಸಿಲಿನಲ್ಲಿ, ಇಂಜಿನ್ ಶಾಖಕ್ಕೆ ಕೊಳವೆಯಲ್ಲೇ ಪೆಟ್ರೋಲ್ ಆವಿಯಾಗಿ ಪಂಪಿಗೆ ಸಿಗದಂತಾಗುವುದೂ ಉಂಟು. ಪಂಪಿನ ಮೇಲೂ ಕೊಳವೆಯ ಮೇಲೂ ಒದ್ದೆ ಬಟ್ಟೆ ಹಾಕಿ ಕಾಲು ಗಂಟೆ ಕಾದರೆ ಸರಿಹೋಗುತ್ತದೆ. ಇಗ್ನಿಷನ್ ಕಾಯಿಲ್, ಹಳೆಯ ಡೆಲ್ಕೊದೊಳಗಿನ ಕಂಡೆನ್ಸರ್ ಇವೂ ಬಿಸಿಯಾದಾಗ ಕೆಟ್ಟು ತಣಿದಾಗ ಸರಿಯಾಗುವ ಜಾತಿಯವು. ಆದ್ದರಿಂದಲೇ ನಿಂತಾಗಿನ ಸ್ಥಿತಿಯಲ್ಲೇ ನೋಡಬೇಕು. ಮರುದಿನ ಗ್ಯಾರೇಜಿನಲ್ಲಿ ತಣ್ಣಗೆ ನಿಂತ ಗಾಡಿ ಯಾವ ಗುಟ್ಟನ್ನೂ ಬಿಡುವುದಿಲ್ಲ. ಪ್ಲಗ್ಗಿಗೆ ಕರೆಂಟು ಬರುತ್ತಿದೆಯೇ ಎಂದು ನೋಡುವುದಾದರೆ ಪ್ಲಗ್ ಬಿಚ್ಚಿ, ವೈರಿಗೆ ಸಿಕ್ಕಿಸಿ, ಪ್ಲಗ್ಗಿನ ಮೈ ಇಂಜಿನ್ ಕಬ್ಬಿಣಕ್ಕೆ ತಾಗುವಂತೆ ಇಟ್ಟು, ಒಣಬಟ್ಟೆಯಲ್ಲಿ ಹಿಡಿದು ಸೆಲ್ಫ್ ಹೊಡೆಸಿ. ನೀಲಿ ಕಿಡಿ ಬರಬೇಕು. ಪೆಟ್ರೋಲ್ ವಾಸನೆ ಇರುವಾಗ ಇದನ್ನು ಮಾಡಲೇಕೂಡದು. ಹೊಸ ಗಾಡಿಗಳಲ್ಲಂತೂ ಬೇಡವೇ ಬೇಡ, ಕಂಪ್ಯೂಟರ್ ಪೆಟ್ಟಿಗೆ ಹಾಳಾದೀತು.

ಎಂ.ಪಿ.ಎಫ್.ಐ. ಗಾಡಿಗಳಲ್ಲಿ ಕೇಳಬೇಕಾದ ಸದ್ದೇ ಬೇರೆ. ಕೀಲಿಯನ್ನು ಸೆಲ್ಫಿನವರೆಗೆ ಒಯ್ಯದೆ ಆನ್ ಮಾಡಿ, ಹಿಂದಿನ ಸೀಟಿನ ಕಡೆಗೆ ಕಿವಿಗೊಡಿ. ಟ್ಯಾಂಕಿನೊಳಗಿನ ಪಂಪು ಒಂದೆರಡು ಸೆಕೆಂಡು ಗುಂಯ್ ಎನ್ನಬೇಕು. ಎನ್ನದಿದ್ದರೆ ಫ್ಯೂಸ್, ರಿಲೇ, ಪಂಪು. ಪಂಪಿನ ರಿಲೇ ಮತ್ತು ಹಾರ್ನಿನ ರಿಲೇ ಒಂದೇ ನಂಬರಿನವಾಗಿದ್ದರೆ ಅದಲುಬದಲು ಮಾಡಿ ನೋಡಬಹುದು. ಹಾರ್ನ್ ಇಲ್ಲದೆ ಮನೆ ಸೇರಬಹುದು, ಪಂಪು ಇಲ್ಲದೆ ಸೇರಲಾಗದು. ಪಂಪು ಸದ್ದು ಮಾಡಿದರೂ ಇಂಜಿನ್ ಹಿಡಿಯದೆ, ಸೆಲ್ಫ್ ಹೊಡೆಯುವಾಗ ಆರ್.ಪಿ.ಎಂ. ಮುಳ್ಳು ಚೂರೂ ಕದಲದಿದ್ದರೆ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ ಪಡಬೇಕು. ಇದೂ ಬಿಸಿಗೆ ಕೆಡುವ, ತಣಿದಾಗ ಬದುಕುವ ವಸ್ತು. ಕೀಲಿಯ ಚಿತ್ರದ ದೀಪ ಮಿನುಗುತ್ತಿದ್ದರೆ ಗಾಡಿ ನಿಮ್ಮ ಕೀಲಿಯನ್ನು ಗುರುತಿಸಿಲ್ಲ ಎಂದರ್ಥ. ಮನೆಯಲ್ಲಿರುವ ಇನ್ನೊಂದು ಕೀಲಿ ತರಿಸಿ.

ಪೆಟ್ರೋಲ್ ಬಗ್ಗೆ ಒಂದು ಮಾತು. ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಗಿ ಈಗ ಎಲ್ಲ ಕಡೆ ಬಂದಿದೆ. ಹಳೆಯ ಗಾಡಿಗಳ ರಬ್ಬರ್ ಕೊಳವೆ, ವಾಷರ್‌ಗಳನ್ನು ಇದಕ್ಕೆಂದು ಮಾಡಿದ್ದಲ್ಲ. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ಮಳೆಗಾಲ ಪೂರ್ತಿ ಶೆಡ್ಡಿನಲ್ಲಿ ನಿಲ್ಲುವ ಗಾಡಿಯ ಕೊಳವೆಗಳನ್ನು ವರ್ಷಕ್ಕೊಮ್ಮೆ ಬಗ್ಗಿಸಿ ನೋಡಿ, ಬಿರುಕಿದ್ದರೆ ಬದಲಾಯಿಸಿ. ಹಾಗೆಯೇ ಕಳೆ ಕತ್ತರಿಸುವ ಯಂತ್ರಕ್ಕೆ ಆಯಿಲ್ ಬೆರೆಸಿಟ್ಟ ಪೆಟ್ರೋಲ್ ಕ್ಯಾನನ್ನು ಕಾರಿಗೆ ಸುರಿಯುವ ತಪ್ಪು ನಮ್ಮ ಮನೆಗಳಲ್ಲಿ ಆಗುತ್ತಲೇ ಇದೆ. ಹೊಗೆ ಬಂದು, ಪ್ಲಗ್ ಕಟ್ಟಿ, ಗಾಡಿ ನಿಲ್ಲುತ್ತದೆ. ಕ್ಯಾನಿಗೆ ಬಣ್ಣದ ಪಟ್ಟಿ ಬಳಿದಿಡುವುದು ಒಳ್ಳೆಯದು.

ಡೀಸೆಲ್ ಜೀಪು

ಜೀಪಿನವರಿಗೆ ನಾವು ಹೆಚ್ಚು ಹೇಳಬೇಕಾಗಿಲ್ಲ. ಹೂಮಳೆ ತಡವಾದಾಗ ಸ್ಪ್ರಿಂಕ್ಲರ್ ಹಾಕಲು ಹಳ್ಳದ ಬದಿಯಲ್ಲಿ ಡೀಸೆಲ್ ಪಂಪ್‌ಸೆಟ್ಟಿನ ಗಾಳಿ ತೆಗೆದವರಿಗೆ ಜೀಪಿನ ಗಾಳಿ ತೆಗೆಯುವುದೇನು ಕಷ್ಟ? ಕೆಲಸ ಒಂದೇ. ಫಿಲ್ಟರ್ ಮೇಲಿನ ಗಾಳಿ ಸ್ಕ್ರೂ ಸಡಿಲಿಸಿ, ಕೈಪಂಪನ್ನು ಒತ್ತುತ್ತ ಹೋಗಿ. ನೊರೆ ನಿಂತು ಬರೀ ಡೀಸೆಲ್ ಬಂದಾಗ ಬಿಗಿ ಮಾಡಿ, ಇಂಜೆಕ್ಷನ್ ಪಂಪಿನ ಸ್ಕ್ರೂಗೂ ಹಾಗೆಯೇ ಮಾಡಿ. ಅದಕ್ಕೂ ಹಿಡಿಯದಿದ್ದರೆ ಇಂಜೆಕ್ಟರ್ ನಟ್‌ಗಳನ್ನು ಸ್ವಲ್ಪ ಸಡಿಲಿಸಿ ಸೆಲ್ಫ್ ಹೊಡೆಸಬೇಕು. ಇದೆಲ್ಲ ಹಳೆಯ ಪಂಪಿನ ಜೀಪುಗಳಿಗೆ ಮಾತ್ರ. ಕಾಮನ್ ರೈಲ್ ಇಂಜಿನ್ನಿನ ಗಾಡಿಗಳಲ್ಲಿ ಆ ಕೊಳವೆಗಳ ಒತ್ತಡ ಸಾವಿರ ಬಾರ್‌ಗೂ ಹೆಚ್ಚು. ಅಲ್ಲಿ ನಟ್ ಸಡಿಲಿಸಿದರೆ ಡೀಸೆಲ್ ಸೂಜಿಯಂತೆ ಚರ್ಮದೊಳಗೆ ಹೋಗುತ್ತದೆ. ಕೈಯನ್ನೇ ಕಳೆದುಕೊಳ್ಳುವ ಅಪಾಯ. ಸ್ಪ್ಯಾನರ್ ಕೆಳಗಿಡಿ.

ಗಾಳಿ ಹೇಗೆ ಹೊಕ್ಕಿತು ಎಂಬುದನ್ನು ಹುಡುಕದೆ ಬಿಟ್ಟರೆ ಮತ್ತೆ ಅದೇ ಕಥೆ. ಬಿರುಕುಬಿಟ್ಟ ಕೊಳವೆ, ಸವೆದ ತಾಮ್ರದ ವಾಷರ್, ಅಥವಾ ಟ್ಯಾಂಕು ತಳ ಕಂಡದ್ದು. ಬ್ಯಾರಲ್ಲಿನಲ್ಲಿ ಡೀಸೆಲ್ ಇಟ್ಟುಕೊಳ್ಳುವವರು ಫಿಲ್ಟರ್ ತಳದ ಸ್ಕ್ರೂ ತೆಗೆದು ನೀರು ಇಳಿಸುವುದನ್ನು ಮಳೆಗಾಲದಲ್ಲಿ ಮರೆಯಬಾರದು. ಇಂಜಿನ್ ನಿಲ್ಲಿಸಲು ಸೊಲೆನಾಯ್ಡ್ ಇರುವ ಪಂಪಿನಲ್ಲಿ ಅದರ ವೈರು ಕಳಚಿದರೂ ಗಾಡಿ ತಟ್ಟನೆ ನಿಲ್ಲುತ್ತದೆ. ಕೀಲಿ ಆನ್ ಮಾಡಿದಾಗ ಪಂಪಿನ ಬಳಿ ಟಿಕ್ ಎನ್ನಬೇಕು. ಎಳೆಯುವ ಗುಂಡಿಯ ಜೀಪಾದರೆ ಗುಂಡಿ ಒಳಗೆ ಹೋಗಿದೆಯೇ ನೋಡಿ. ನಮ್ಮ ನೆರೆಯವರು ಒಂದು ಮಧ್ಯಾಹ್ನವಿಡೀ ಗಾಳಿ ತೆಗೆದು, ಬಟ್ಟೆಯೆಲ್ಲ ಡೀಸೆಲ್ ಮಾಡಿಕೊಂಡು, ಕೊನೆಗೆ ನೋಡಿದರೆ ಮೊಮ್ಮಗ ಆಟವಾಡುತ್ತ ಗುಂಡಿ ಎಳೆದುಬಿಟ್ಟಿದ್ದ.

ಇಲಿಯನ್ನು ಮರೆತರೆ ನಮ್ಮ ಸೀಮೆಯ ಲೇಖನವಾಗುವುದಿಲ್ಲ. ಸುಲಿದ ಅಡಿಕೆಯ ಸಿಪ್ಪೆಯನ್ನು ಏರ್ ಫಿಲ್ಟರಿನೊಳಗೆ ತುಂಬಿ ಗೂಡು ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇವೆ. ವೈರು ಕಡಿದದ್ದಕ್ಕಂತೂ ಲೆಕ್ಕವಿಲ್ಲ. ವಾರಗಟ್ಟಲೆ ನಿಂತ ಗಾಡಿ ತೆಗೆಯುವ ಮುನ್ನ ಬಾನೆಟ್ ಎತ್ತಿ ಟಾರ್ಚ್ ಬಿಡಿ; ಶೆಡ್ಡಿನಲ್ಲಿ ಗಾಡಿ ನಿಲ್ಲಿಸಿದಾಗ ಬಾನೆಟ್ ತೆರೆದಿಟ್ಟರೆ ಕತ್ತಲೆ ಬಯಸುವ ಇಲಿ ಅಷ್ಟಾಗಿ ಸುಳಿಯುವುದಿಲ್ಲ ಎಂಬುದು ನಮ್ಮ ಅನುಭವ.

ನಮ್ಮ ಗಾಡಿಯಲ್ಲಿ ಈಗ ಒಂದು ಹಳೆಯ ಗೋಣಿತಾಟಿನಲ್ಲಿ ಸುತ್ತಿಟ್ಟ ಸಾಮಾನು ಇಷ್ಟು: ಟಾರ್ಚ್, ಹತ್ತು ಹನ್ನೆರಡರ ಸ್ಪ್ಯಾನರ್, ಸ್ಕ್ರೂಡ್ರೈವರ್, ನಾಲ್ಕು ಫ್ಯೂಸ್, ಎರಡು ಮೀಟರ್ ವೈರು, ಇನ್ಸುಲೇಷನ್ ಟೇಪ್, ಬಟ್ಟೆ, ನೀರು, ಮತ್ತು ಒಂದು ಜೊತೆ ಜಂಪರ್ ಕೇಬಲ್. ಆ ರಾತ್ರಿ ಪಿಕಪ್ ಬಂದಾಗ ಈ ಕೇಬಲ್ ಇದ್ದಿದ್ದರೂ ಆಗುತ್ತಿತ್ತು. ಹಾಕುವ ಕ್ರಮ ಹೀಗೆ: ಕೆಂಪು ಕೇಬಲ್ಲಿನ ಒಂದು ತುದಿ ಸೋತ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ, ಕಪ್ಪು ಕೇಬಲ್ ಮೊದಲು ಒಳ್ಳೆಯ ಬ್ಯಾಟರಿಯ ಮೈನಸ್‌ಗೆ, ಕೊನೆಯ ತುದಿ ಸೋತ ಗಾಡಿಯ ಇಂಜಿನ್ನಿನ ಬಣ್ಣವಿಲ್ಲದ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರದಲ್ಲಿ. ಬ್ಯಾಟರಿಯ ಬಳಿ ಕಿಡಿ ಹಾರಿದರೆ ಅದರ ಗ್ಯಾಸಿಗೆ ಬೆಂಕಿ ಹತ್ತುವ ಭಯವುಂಟು. ಚಾಲೂ ಆದ ಮೇಲೆ ತೆಗೆಯುವುದು ಉಲ್ಟಾ ಕ್ರಮದಲ್ಲಿ.

ಹಾವು ಕಚ್ಚಿಸಿಕೊಂಡವನು ಈಗಲೂ ನಮ್ಮಲ್ಲೇ ಕೆಲಸಕ್ಕಿದ್ದಾನೆ. ಮರ ಹತ್ತುವುದನ್ನು ಬಿಟ್ಟಿದ್ದಾನೆ. ಪಲ್ಪರ್ ಅವನ ಕೈಯಲ್ಲಿದೆ. ಗಾಡಿ ಹೊರಡುವಾಗ ಎದುರಿಗಿದ್ದರೆ, "ಅಯ್ಯಾ, ಮುಚ್ಚಳ ನೋಡಿದ್ರಾ?" ಎಂದು ಕೇಳುತ್ತಾನೆ. ತಮಾಷೆಗೆ ಕೇಳುತ್ತಾನೋ ನಿಜಕ್ಕೂ ಕೇಳುತ್ತಾನೋ ನಮಗಿನ್ನೂ ಗೊತ್ತಾಗಿಲ್ಲ. ನಾವಂತೂ ಇಳಿದು ನೋಡುತ್ತೇವೆ.

ಸದಸ್ಯರು ತಮ್ಮ ಗಾಡಿ ನಿಂತ ಪ್ರಸಂಗಗಳನ್ನು, ಕೊನೆಗೆ ಸಿಕ್ಕ ಕಾರಣದ ಸಹಿತ, ಒಂದು ಪುಟ ಮೀರದಂತೆ ಬರೆದು ಸಂಘದ ಕಚೇರಿಗೆ ತಲುಪಿಸಿದರೆ ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ. ಕಾರಣ ಸಿಗದೆ ಗಾಡಿಯನ್ನೇ ಮಾರಿದವರೂ ಬರೆಯಬಹುದು.